ಅನ್ನ ತುಂಬಿ ಕಿತ್ತ ಪಿನ್ನು

ನನ್ನ ಕೆಲಸ ತೊಳೆಯುವುದು. ಪಾತ್ರೆಯನ್ನಲ್ಲ, ಬಿಚ್ಚಿದ ಗಾಡಿಗಳ ಭಾಗಗಳನ್ನು. ಡೀಸೆಲ್ ತುಂಬಿದ ತಗಡಿನ ಬೋಗುಣಿಯಲ್ಲಿ ಕೈ ಅದ್ದಿ, ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕರಿ ಬಿಡಿಸಬೇಕು. ಬೆರಳ ಸಂದಿಯೆಲ್ಲ ಒಡೆದು ಗೀರು ಬಿದ್ದಿದೆ. ಗೀರಿನೊಳಗೆ ಡೀಸೆಲ್ ಇಳಿದರೆ ಮೊದಲು ಉರಿ, ಆಮೇಲೆ ಕೈ ಇದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಬಿದಿರು ಬುಟ್ಟಿಯಿಂದ ಅಂಟನ್ನ ಹಿಡಿದು ಉಂಡೆ ಮಾಡಿದರೆ ಅದಕ್ಕೂ ಅದೇ ವಾಸನೆ. ಒಮ್ಮೆ ಕೈಗವಸು ಕೇಳಿದ್ದೆ. "ಡೀಸೆಲ್ಲು ಚರ್ಮಕ್ಕೆ ಒಳ್ಳೇದು ಕಣಮ್ಮ ಬುವಾ, ನುಣುಪಾಗ್ತದೆ" ಅಂದ ತಾವ್‌ಕೇ. ತನ್ನ ಹೆಂಡತಿಗೆ ಮಾತ್ರ ಆ ಔಷಧಿ ಯಾಕೋ ಹೇಳಿಕೊಟ್ಟಿರಲಿಲ್ಲ.

ಯಜಮಾನನನ್ನು ನಮ್ಮ ಕಡೆ ತಾವ್‌ಕೇ ಅನ್ನುತ್ತೇವೆ. ನಮ್ಮ ತಾವ್‌ಕೇ ಹೆಸರು ವಿಚಿತ್. ಗದ್ದೆಗಳ ನಡುವಿನ ಈ ಶೆಡ್ಡು ಅವನದು. ಹಳೇ ಎಂಜಿನ್ ತೆಗೆದು, ಪಟ್ಟಣದಿಂದ ತಂದ ಇನ್ನೊಂದು ಎಂಜಿನ್ ಕೂರಿಸುವುದು ಇಲ್ಲಿನ ವ್ಯಾಪಾರ. ಕೂರಿಸುವವನು ಕಂಫಾನಣ್ಣ. ವೆಲ್ಡಿಂಗ್ ಮಾಡುವವನು ಸಾಯನ್. ತೊಳೆಯುವವಳು ನಾನು, ಬುವಾ. ವಿಚಿತ್ ಏನು ಮಾಡುತ್ತಾನೆ ಎಂದು ಕೇಳಬೇಡಿ. ಅವನು ಪುಣ್ಯ ಮಾಡುತ್ತಾನೆ.

ಆವತ್ತು ಅವನ ಪುಣ್ಯಕ್ಕೆ ದೊಡ್ಡ ದಿನ. ಮಳೆಗಾಲ ಮುಗಿದು ಮಠದ ಭಿಕ್ಷುಗಳಿಗೆ ಹೊಸ ಕಾವಿಬಟ್ಟೆ ಕೊಡುವ ಮೆರವಣಿಗೆ. ಮುಖ್ಯ ದಾನಿ ಇವನೇ. ಬೆಳಿಗ್ಗೆಯೇ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಬಂದಿದ್ದ. ಎಂಜಿನ್ ಬದಲಿಸಲು ಬಂದಿದ್ದ ಲಮ್ಯಾಯಕ್ಕನ ಗಾಡಿಯ ಮುಂದೆ ಊದುಬತ್ತಿ ಹಚ್ಚಿ, ಮಲ್ಲಿಗೆ ಹಾರ ಕಟ್ಟಿ, ಗಾಡಿಯೊಳಗಿದ್ದು ಅದನ್ನು ಕಾಯುವ ತಾಯಿದೇವತೆಗೆ ಕೈ ಮುಗಿದ. "ತಾಯೀ, ನಿನ್ನ ಎದೆ ಬಿಚ್ತಾ ಇದೀವಿ, ಕೋಪ ಮಾಡ್ಕೋಬೇಡ" ಎಂದು ಎಲ್ಲರಿಗೂ ಕೇಳುವಂತೆ ಬೇಡಿಕೊಂಡ. ಎಂಜಿನ್ ಇಳಿಸುವ ಮೊದಲು ಹಾಗೆ ಕೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ.

ಲಮ್ಯಾಯಕ್ಕನದು ಹಿಂದೆ ಎರಡು ಬೆಂಚು ಹಾಕಿದ ಪಿಕಪ್ ಗಾಡಿ. ಬೆಳಿಗ್ಗೆ ಸುತ್ತಲ ಹಳ್ಳಿಗಳ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ. ಆಮೇಲೆ ಸಂತೆಯ ಹೆಂಗಸರು, ಅವರ ಕೋಳಿ, ಮೀನಿನ ತೊಟ್ಟಿ. ಗಂಡ ಸತ್ತ ಮೇಲೆ ಸ್ಟೀರಿಂಗ್ ಹಿಡಿದವಳು ಅವಳು.

ಹೊಸ ಎಂಜಿನ್ ಬಂದಿತ್ತು. ಹೊಸದು ಅಂದರೆ ಎಲ್ಲೋ ಸತ್ತ ಗಾಡಿಯದು. ಅದರ ಹಿಂಬದಿ ನೋಡಿ ಕಂಫಾನಣ್ಣ ನಿಂತುಬಿಟ್ಟ.

"ಪಿನ್ನಿಲ್ಲ ಇದಕ್ಕೆ."

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎರಡು ಪಿನ್ನಿರುತ್ತವೆ. ಹೆಬ್ಬೆರಳ ಗಾತ್ರದ ಉಕ್ಕಿನ ಕೊಳವೆ. ಅರ್ಧ ಇದರೊಳಗೆ, ಅರ್ಧ ಅದರೊಳಗೆ. ಬೋಲ್ಟು ಬಿಗಿಯಾಗಿ ಹಿಡಿಯುತ್ತದೆ ಅಷ್ಟೆ, ಎಲ್ಲಿ ಹಿಡಿಯಬೇಕೆಂದು ಹೇಳುವುದು ಪಿನ್ನು. ಅದಿಲ್ಲದಿದ್ದರೆ ಗೇರ್‌ಬಾಕ್ಸು ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಗಾಡಿ ಓಡುತ್ತದೆ. ಓಡಿ ಓಡಿ ಒಂದು ದಿನ ಒಳಗೇ ಅರೆದುಕೊಂಡು ರಸ್ತೆಯ ಮಧ್ಯೆ ನಿಲ್ಲುತ್ತದೆ. ಪಟ್ಟಣದ ಹಳೇ ಎಂಜಿನ್ ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಪಿನ್ನು ಕಿತ್ತುಕೊಂಡು ಎಂಜಿನ್ ಮಾರುತ್ತಾರೆ, ಪಿನ್ನನ್ನು ಬೇರೆ ಮಾರುತ್ತಾರೆ. ಹಸು ಮಾರಿ ಕೆಚ್ಚಲಿಗೆ ಬೇರೆ ದರ ಹೇಳುವ ಜನ.

"ಇಲ್ಲದಿದ್ರೆ ಇಲ್ಲ. ಬೋಲ್ಟ್ ಬಿಗಿ" ಅಂದ ವಿಚಿತ್. "ಒಳಗಿರೋದು ಯಾರಿಗೆ ಕಾಣ್ತದೆ?"

"ಹೋದ ಸಲ ಹೀಗೇ ಅಂದ್ರಿ."

ಹೋದ ಸಲ ಎಂದರೆ ಮೀನು ಮಾರುವವನೊಬ್ಬನ ಗಾಡಿ. ಪಿನ್ನು ಹಾಕಬೇಡ ಎಂದವನು ವಿಚಿತ್. ಗಾಡಿ ಸೇತುವೆ ಮೇಲೆ ಮುರಿದು ನಿಂತಾಗ ಇದೇ ಶೆಡ್ಡಿನಲ್ಲಿ ಕಂಫಾನಣ್ಣನನ್ನು ಆ ಗಿರಾಕಿಯ ಮುಂದೆ ಮಂಡಿಯೂರಿಸಿ, ನೆಲಕ್ಕೆ ತಲೆ ಮುಟ್ಟಿಸಿ ಕ್ಷಮೆ ಕೇಳಿಸಿದವನೂ ವಿಚಿತ್. "ವಯಸ್ಸಾಯ್ತು, ಕೈ ನಡುಗ್ತದೆ ಪಾಪ" ಎಂದು ತಾನು ಪಕ್ಕದಲ್ಲಿ ನಿಂತು ಮರುಗಿದ್ದ. ಆಮೇಲೆ ಸಂತೆಯಲ್ಲಿ ಏನು ಮುರಿದರೂ, ಕುರ್ಚಿಯ ಕಾಲು ಮುರಿದರೂ, ಜನ "ಕಂಫಾನ್ ಕೈ ಬಿತ್ತು" ಎನ್ನತೊಡಗಿದರು. ಅಣ್ಣ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದ.

"ಈ ಗಾಡೀಲಿ ಮಕ್ಕಳು ಕೂತ್ಕೋತಾರೆ" ಅಂದ ಅಣ್ಣ. "ಪಿನ್ನಿಲ್ದೆ ನಾನು ಕೂರ್ಸಲ್ಲ. ಹಳೇ ಎಂಜಿನ್ನಿಂದ ಕೀಳ್ತೀನಿ."

"ಕೀಳು, ಕೀಳು. ಮೆರವಣಿಗೆ ಹೊರಡೋದರೊಳಗೆ ಮುಗಿಸು. ಇಲ್ಲಾಂದ್ರೆ ಸಾಯನ್ ಕೂರಿಸ್ತಾನೆ."

ಸಾಯನ್ ಕನ್ನಡಕ ಏರಿಸಿ, "ನಾನಾ? ನನಗೆ ಕೂತ್ಕೊಳ್ಳೋದು ಮಾತ್ರ ಬರ್ತದೆ ತಾವ್‌ಕೇ" ಅಂದ.

ಗಾಡಿ ಬಾಗಿಲಾಚೆ ಚಪ್ಪರದಡಿ ನಿಂತಿತ್ತು; ಹಳೇ ಎಂಜಿನ್ನನ್ನು ಬೆಳಕಿರಲೆಂದು ಬಾಗಿಲ ಬಳಿಯೇ ಇಳಿಸಿದ್ದೆವು. ಮೊದಲ ಪಿನ್ನು ಅಷ್ಟು ಸತಾಯಿಸಲಿಲ್ಲ. ಸುತ್ತ ಬೆಂಕಿ ಹಿಡಿದು, ಕೊಳವೆ ಚಪ್ಪಟೆಯಾಗದಿರಲೆಂದು ಒಳಗೊಂದು ಬೋಲ್ಟು ತೂರಿಸಿ, ಇಕ್ಕಳದಲ್ಲಿ ಕಚ್ಚಿ ತಿರುಗಿಸಿದಾಗ ಕಿರ್ರೆಂದು ಬಂತು. ಎರಡನೆಯದು ಕೆಳಬದಿಯದು. ಎಷ್ಟೋ ಮಳೆಗಾಲದ ಕೆಸರುನೀರು ಕುಡಿದು ತುಕ್ಕು ಕಚ್ಚಿ ಕೂತಿತ್ತು. ಅಣ್ಣ ಎಣ್ಣೆ ಬಿಟ್ಟ, ಬೆಂಕಿ ಇಟ್ಟ, ಇಕ್ಕಳ ಹಾಕಿದ. ಇಕ್ಕಳ ಜಾರಿ ಅವನ ಗೆಣ್ಣಿನ ಚರ್ಮ ಸುಲಿಯಿತು. ಹಿಂದೆ ದಾರಿಯಿಲ್ಲದ ತೂತು ಅದು, ಆಚೆಯಿಂದ ತಳ್ಳುವಂತಿಲ್ಲ. ಆಗ ಕೊಳವೆಯೊಳಗೆ ಗ್ರೀಸು ತುಂಬಿದ. ಸರಿಯಾಗಿ ಕೂರುವ ಕಂಬಿ ಇಟ್ಟು ಹೊಡೆದರೆ ಗ್ರೀಸು ತಳ ಮುಟ್ಟಿ, ಹೋಗಲು ಜಾಗವಿಲ್ಲದೆ ಪಿನ್ನನ್ನೇ ಹೊರಗೆ ನೂಕುತ್ತದೆ ಎಂಬ ಲೆಕ್ಕ. ಹೊಡೆದ. ಕೊಳವೆ ಒಳಗೂ ಸವೆದಿತ್ತು. ಗ್ರೀಸು ಕಂಬಿಯ ಪಕ್ಕದಿಂದ ಚಿಮ್ಮಿ ಅವನ ಮುಖಕ್ಕೆ ಬಡಿಯಿತು.

ವಿಚಿತ್ ಹೊಟ್ಟೆ ಹಿಡಿದು ನಕ್ಕ. "ಮುಖಕ್ಕೆ ಹಚ್ಕೊಂಡ ನೋಡು ಮದುಮಗ!"

ಲಮ್ಯಾಯಕ್ಕ ನಗಲಿಲ್ಲ. ತನ್ನ ಹೆಗಲ ಮೇಲಿನ ಬಟ್ಟೆ ಕೊಟ್ಟಳು. "ಒರೆಸ್ಕೋ ಅಣ್ಣ."

ಸಾಯನ್ ಊಟದ ಬುಟ್ಟಿ ಬಿಚ್ಚುತ್ತಿದ್ದ. "ಗ್ರೀಸಿಗೆ ಗಟ್ಟಿತನ ಇಲ್ಲ ಅಣ್ಣೋ. ನನ್ನ ಹೆಂಡತಿ ಬೇಯ್ಸಿದ ಅನ್ನ ತುಂಬು. ಗಂಟಲಲ್ಲಿ ಸಿಕ್ಕಿದ್ರೆ ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ."

ತಮಾಷೆಗೆ ಹೇಳಿದ್ದು. ಅಣ್ಣ ಮಾತ್ರ ತಮಾಷೆಯಾಗಿ ಕೇಳಿಸಿಕೊಳ್ಳಲಿಲ್ಲ. ಕೈ ಚಾಚಿದ.

"ಕೊಡು."

ಸಾಯನ್ ಒಂದು ಉಂಡೆ ಕೊಟ್ಟ. ಅಣ್ಣ ನೀರು ಚಿಮುಕಿಸಿ ಹಿಸುಕಿ, ಕೊಳವೆಯೊಳಗೆ ತುರುಕಿ, ಕಂಬಿ ಇಟ್ಟು ಸುತ್ತಿಗೆ ಎತ್ತಿದ.

"ಏಯ್! ನಿಲ್ಲಿಸು!" ವಿಚಿತ್ ಓಡಿಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅನ್ನದಮ್ಮನ ಮೇಲೆ ಸುತ್ತಿಗೆ ಎತ್ತುತೀಯಾ? ಪಾಪ ಸುತ್ಕೊಳ್ತದೆ! ಇಂಥಾ ದಿನ, ನನ್ನ ಶೆಡ್ಡಲ್ಲಿ!"

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಅನ್ನ ನೆಲಕ್ಕೆ ಬಿದ್ದರೆ ಎತ್ತಿ ಹಣೆಗೊತ್ತಿಕೊಳ್ಳುವ ಜನ ನಾವು. ಅನ್ನದ ತಾಯಿ ಬೇಜಾರಾಗಿ ಹೋದರೆ ಗದ್ದೆಗೆ ಮರಳುವುದಿಲ್ಲ ಎಂದು ನಂಬಿದವರು. ವಿಚಿತ್‌ಗೆ ಅದು ಗೊತ್ತು. ಗೊತ್ತಿದ್ದೇ ಅಲ್ಲಿಗೆ ಹೊಡೆದ.

ನನಗೆ ತಡೆಯಲಾಗಲಿಲ್ಲ. ಬೋಗುಣಿ ಬಿಟ್ಟು ಎದ್ದೆ.

"ಯಾರ ಬುಟ್ಟಿ ಅನ್ನ ತಾವ್‌ಕೇ ಅದು?"

"ಯಾರದಾದ್ರೇನು?"

"ನಿಮ್ಮದಲ್ಲ. ಇಷ್ಟು ವರ್ಷದಲ್ಲಿ ಒಂದಗುಳು ನಮ್ಮ ಕಡೆ ಹಾಕಿದೋರಲ್ಲ ನೀವು. ನಾವು ನೆಟ್ಟಿದ್ದು, ನಾವು ಕುಯ್ದಿದ್ದು. ಡೀಸೆಲ್ ಕೈಲಿ ತಿಂದಾಗ ಆ ತಾಯಿಗೆ ಬೇಜಾರಾಗ್ಲಿಲ್ಲ, ಈಗ ಆಗ್ತದಾ? ಅವಳ ಹತ್ರ ನಾವು ಮಾತಾಡ್ಕೋತೀವಿ. ನೀವು ಮೆರವಣಿಗೆಗೆ ಹೋಗಿ."

ಕೊಳವೆಯ ಮುಂದೆ ಕೂತು ಕೈ ಜೋಡಿಸಿದೆ. "ತಾಯೀ, ಮಕ್ಕಳ ಗಾಡಿ. ಸ್ವಲ್ಪ ನೂಕಿಕೊಡು." ಲಮ್ಯಾಯಕ್ಕ ಪಕ್ಕದಲ್ಲಿ ಕೂತಳು. ಸಾಯನ್ ಕನ್ನಡಕ ತೆಗೆದ. ನಾನು ಏಳುತ್ತಾ ಅಂದೆ, "ಹೊಡಿ ಅಣ್ಣ."

ಹೊಡೆದ. ಅನ್ನ ಒಳಗಿಳಿಯಿತು. ಸಾಯನ್ ಮತ್ತೊಂದು ಉಂಡೆ ಕೊಟ್ಟ. ಆಮೇಲೆ ನನ್ನ ಬುಟ್ಟಿಯದು. ಲಮ್ಯಾಯಕ್ಕ ದಾರಿಗೆಂದು ಕಟ್ಟಿಕೊಂಡಿದ್ದೂ ಬಂತು. ತುಂಬುವುದು, ಹೊಡೆಯುವುದು. ಅಂಟನ್ನ ಹಿಂದಕ್ಕೆ ಸೋರಲಿಲ್ಲ. ಇದ್ದಕ್ಕಿದ್ದಂತೆ ಸುತ್ತಿಗೆಯ ಸದ್ದು ಬದಲಾಯಿತು. ಪಿನ್ನಿನ ಸುತ್ತ ತುಕ್ಕಿನ ಉಂಗುರವೊಂದು ಬಿರಿದು ಪುಡಿಯಾಗಿ ಉದುರಿತು. ಪಿನ್ನು ಹೊರಗೆ ಇಣುಕಿತು. ಅಣ್ಣ ಇಕ್ಕಳ ಹಾಕಿ ಎಳೆದ. ಅನ್ನ ಮೆತ್ತಿದ ಪಿನ್ನು ಅವನ ಅಂಗೈಗೆ ಬಿತ್ತು.

ನಾನೇ ತೊಳೆದೆ. ಅಷ್ಟು ಅಕ್ಕರೆಯಿಂದ ನಾನು ಏನನ್ನೂ ತೊಳೆದಿಲ್ಲ. ಅಣ್ಣ ಎರಡನ್ನೂ ಹೊಸ ಎಂಜಿನ್ನಿನ ತೂತಿಗಿಟ್ಟು ಮೆಲ್ಲಗೆ ತಟ್ಟಿ ಕೂರಿಸಿದ.

ಆಗ ವಿಚಿತ್ ಬಾಯಿ ತೆಗೆದ.

"ಕೂರಿಸಿಬಿಟ್ಟೆಯಾ? ಯಾರದು ಆ ಪಿನ್ನು?"

"ನನ್ನ ಗಾಡೀದು" ಅಂದಳು ಲಮ್ಯಾಯಕ್ಕ.

"ಗಾಡಿ ನಿನ್ನದು. ಇಳಿಸಿದ ಎಂಜಿನ್ ಶೆಡ್ಡಿಂದು. ಎಲ್ಲಾ ಕಡೆ ಇದೇ ಪದ್ಧತಿ. ಪಿನ್ನು ಬೇಕಂದ್ರೆ ಕೊಂಡ್ಕೋ."

"ಈಗ ತಾನೇ ಪಿನ್ನೇ ಬೇಡ ಅಂದ್ರಲ್ಲಾ?"

"ಅದು ಆಗ."

ಕಂಫಾನಣ್ಣ ಇಕ್ಕಳ ಎತ್ತಿ ಹಿಡಿಯ ಕಡೆ ವಿಚಿತ್‌ಗೆ ಬರುವಂತೆ ಚಾಚಿದ.

"ಕಿತ್ಕೊಳ್ಳಿ."

"ನೀನು ಕೀಳು!"

"ನನ್ನ ಕೈ ನಡುಗ್ತದಲ್ಲಾ ತಾವ್‌ಕೇ. ನೀವೇ ಹೇಳಿದ್ರಿ."

ವಿಚಿತ್ ಸಾಯನ್‌ನ ಕಡೆ ನೋಡಿದ. ಸಾಯನ್ ಖಾಲಿ ಬುಟ್ಟಿ ತೋರಿಸಿ, "ಹೊಟ್ಟೆಗಿಲ್ಲ, ಬಲ ಇಲ್ಲ" ಅಂದ. ನನ್ನ ಕಡೆ ನೋಡಿದ. ನಾನು ನೋಡಲಿಲ್ಲ. ಕೊನೆಗೆ ತಾನೇ ಇಕ್ಕಳ ಹಿಡಿದು ಬಗ್ಗಿದ. ಕಚ್ಚಿಸಿ ಎಳೆದ. ಇಕ್ಕಳ ಜಾರಿತು, ತಾವ್‌ಕೇ ಹಿಂದಕ್ಕೆ ಕುಸಿದ, ನನ್ನ ಬೋಗುಣಿ ಮಗುಚಿ ಡೀಸೆಲ್ ಅವನ ಬಿಳಿ ಪ್ಯಾಂಟಿಗೆ ಸುರಿಯಿತು. ಚರ್ಮಕ್ಕೆ ಒಳ್ಳೆಯದೇ ಆಯಿತು.

"ನಾಳೆಯಿಂದ ನಿನ್ನ ಮುಖ ಇಲ್ಲಿ ಕಾಣಬಾರದು ಕಂಫಾನ್!"

"ಸರಿ" ಅಂದ ಅಣ್ಣ. "ಇವತ್ತಿನ ಕೆಲಸ ಮುಗಿಸ್ತೀನಿ."

ಸರಪಳಿ ಎಳೆದೆವು. ಎಂಜಿನ್ ಗಾಡಿಯೊಳಗಿಳಿದು ಗೇರ್‌ಬಾಕ್ಸಿಗೆ ಮುಖ ಕೊಟ್ಟಿತು. ಅಣ್ಣ ಅಂಗೈಯಿಂದ ತಳ್ಳಿದ. ಟಕ್ ಎಂದಿತು. ಬೋಲ್ಟು ಹಾಕುವ ಮೊದಲೇ ಎರಡೂ ಒಂದಾಗಿದ್ದವು. ಉಳಿದ ಬಿಗಿತ, ಜೋಡಣೆ ಎಲ್ಲ ಮುಗಿದು ಲಮ್ಯಾಯಕ್ಕ ಕೀಲಿ ತಿರುಗಿಸಿದಾಗ ಬೆಂಚುಗಳೂ ಅದುರಲಿಲ್ಲ. ದೂರದಲ್ಲಿ ಮೆರವಣಿಗೆಯ ಡೋಲು ಶುರುವಾಗಿತ್ತು.

ಅಣ್ಣ ಕೈ ಒರೆಸಿಕೊಂಡು ಹಿಂದಿನ ಬೆಂಚಿನ ಮೇಲೆ ಕೂತ. ಸಾಯನ್ ಅವನ ಪಕ್ಕ ಕೂತ. ನಾನೂ ಹತ್ತಿದೆ.

"ನೀವೆಲ್ಲಿಗೆ? ನಿಮಗೆ ಯಾರು ಹೋಗು ಅಂದ್ರು?" ವಿಚಿತ್ ಕೂಗಿದ. ಶೆಡ್ಡಿನ ಒಳಗೆ ಅವನ ಕಾರು ಹೂವಿನ ಹಾರ ಹಾಕಿಕೊಂಡು ಹೊರಡಲು ಸಿದ್ಧವಾಗಿತ್ತು. ಅದರ ಮುಂದೆ, ಬಾಗಿಲಿಗೆ ಅಡ್ಡವಾಗಿ, ನಾಲ್ಕು ಆಳು ಕೈ ಹಾಕದೆ ಕದಲದ ಹಳೇ ಎಂಜಿನ್ ಬಿದ್ದಿತ್ತು. "ಇದನ್ನ ಎತ್ತಿಟ್ಟು ಹೋಗ್ರೋ!"

ಲಮ್ಯಾಯಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ಅದು ನಿಮ್ಮದಲ್ವಾ ತಾವ್‌ಕೇ. ನಾವು ಮುಟ್ಟಬಾರ್ದು."

ಗಾಡಿಯನ್ನು ಗೇರಿಗೆ ಹಾಕಿದಳು.