ಮುಷ್ಟಿಯೊಳಗಿನ ಮೊಟ್ಟೆ

ಆ ಕೋಣೆಯಲ್ಲಿ ಬೆಳಗಿನ ಹತ್ತು ಗಂಟೆಗೂ ಕತ್ತಲೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟು ಬೇಕೆಂದೇ ಮಾಡಿಟ್ಟ ಕತ್ತಲೆ. ಒಂಬತ್ತು ಹೆಂಗಸರು ಗೋಡೆಗೆ ಮುಖ ಮಾಡಿ ಸಾಲಾಗಿ ಸ್ಟೂಲುಗಳ ಮೇಲೆ ಕೂತಿದ್ದರು. ಒಬ್ಬೊಬ್ಬರ ಮುಂದೂ ಒಂದು ತಗಡಿನ ಡಬ್ಬಿ, ಅದರೊಳಗೊಂದು ಬಲ್ಬು, ಡಬ್ಬಿಯ ನೆತ್ತಿಯಲ್ಲಿ ಬಿರಡೆಯಷ್ಟಗಲದ ತೂತು. ಆ ತೂತಿನ ಬೆಳಕಿಗೆ ಮೊಟ್ಟೆ ಹಿಡಿದು ಹೊರಳಿಸಿದರೆ ಒಳಗಿನದೆಲ್ಲ ಕಾಣುತ್ತಿತ್ತು. ಕೂದಲೆಳೆಯಂಥ ಬಿರುಕು, ರಕ್ತದ ಚುಕ್ಕೆ, ಹಳತಾಗಿದ್ದರೆ ದೊಡ್ಡದಾದ ಗಾಳಿಗೂಡು. ಒಂದೊಂದು ಕೈಯಲ್ಲಿ ಎರಡೆರಡು ಮೊಟ್ಟೆ. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಬೆರಳು ಬಿಗಿಯಾದರೆ ಮೊಟ್ಟೆ ಒಡೆಯುತ್ತದೆ, ಸಡಿಲವಾದರೆ ಜಾರುತ್ತದೆ. ಒಡೆದವರನ್ನು ಹೊರಗಿನ ತೊಳೆಯುವ ವಿಭಾಗಕ್ಕೆ ಹಾಕುತ್ತಿದ್ದರು. ಅಲ್ಲಿ ದಿನವಿಡೀ ತಣ್ಣೀರಿನಲ್ಲಿ ನಿಂತು ಕಾಲು ಹುಣ್ಣಾಗುತ್ತಿತ್ತು.

ಬಾಗಿಲ ಪಕ್ಕದ ಮೊದಲ ದೀಪ ಅವಳದು. ಹದಿನಾಲ್ಕು ವರ್ಷದಿಂದ ಅವಳದೇ. ಅದಕ್ಕೇ ಎಲ್ಲರೂ ಅವಳನ್ನು ದೀಪಕ್ಕ ಎನ್ನುತ್ತಿದ್ದರು. ಮನೆಯವರು ಇಟ್ಟ ಹೆಸರು ಅವಳಿಗೇ ಮರೆಯುವಷ್ಟರ ಮಟ್ಟಿಗೆ.

ಪರದೆ ಅಲುಗಿತು. ದೀಪಕ್ಕ ಎರಡು ಸಲ ಕೆಮ್ಮಿದಳು.

ಕೆಮ್ಮಿದ್ದೇ ತಡ, ಸಾಲಿನಲ್ಲಿದ್ದ ಎಂಟು ಜೊತೆ ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು. ಸ್ಟೂಲುಗಳು ಗೋಡೆಯತ್ತ ಒಂದು ಗೇಣು ಸರಿದವು. ಬಂದವನು ಮೇಸ್ತ್ರಿ. ರಬ್ಬರ್ ಚಪ್ಪಲಿಯಲ್ಲಿ ಸದ್ದಿಲ್ಲದೆ ನಡೆಯುವವನು. ಹೆಂಗಸರು ಬೆನ್ನ ಹಿಂದೆ ಅವನನ್ನು ಬೆಕ್ಕು ಅನ್ನುತ್ತಿದ್ದರು. ಕೆಲಸ ನೋಡುವ ನೆಪದಲ್ಲಿ ಬಗ್ಗುತ್ತಿದ್ದ, ಬಗ್ಗಿದಾಗ ಅವನ ಕೈ ಎಲ್ಲೋ ತಗಲುತ್ತಿತ್ತು. ಬೆಚ್ಚಿದರೆ ಮೊಟ್ಟೆ ಒಡೆಯುತ್ತದೆ. ಮೊಟ್ಟೆ ಒಡೆದರೆ ತಣ್ಣೀರು. ಅವನಿಗೂ ಅದು ಗೊತ್ತಿತ್ತು. ಕಂಪನಿಯ ನಿಯಮದ ಹಲಗೆಯ ಮೇಲೆ ಮೊಟ್ಟೆಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆಂದು ನಲವತ್ತು ಸಾಲು ಬರೆದಿದ್ದರು. ಹೆಂಗಸರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಆ ಕೆಮ್ಮು ದೀಪಕ್ಕನ ಉಪಾಯ. ಹೊಸಬರು ಬಂದ ದಿನ ಮೊಟ್ಟೆ ಹಿಡಿಯುವುದನ್ನು ಕಲಿಸುವ ಮೊದಲೇ ಅದನ್ನು ಹೇಳಿಕೊಡುತ್ತಿದ್ದಳು. ಅದರಿಂದ ಎಷ್ಟೋ ಜನ ಪಾರಾಗಿದ್ದಾರೆ ಎಂಬ ಹೆಮ್ಮೆಯೂ ಅವಳಿಗಿತ್ತು.

ಮೂರನೇ ದೀಪದಲ್ಲಿ ಕೂತವಳು ಅವಳ ನಾದಿನಿ. ಸೇರಿ ಮೂರು ತಿಂಗಳಾಗಿತ್ತು. ಕೆಲಸ ಕೊಡಿಸಿದ್ದೂ ದೀಪಕ್ಕನೇ.

ಅಂದು ಮನೆಗೆ ಬರುವ ದಾರಿಯಲ್ಲಿ ನಾದಿನಿ ಬೀದಿಯ ಮಧ್ಯೆ ಗಕ್ಕನೆ ನಿಂತಳು. "ಅತ್ತಿಗೆ, ನಿಮ್ಮ ಕೆಮ್ಮಿಗೆ ಔಷಧಿ ತಗೊಳ್ಳಿ."

"ಯಾಕೇ?"

"ನೀವು ಕೆಮ್ಮಿದ್ರಿ, ನಾನು ಮುದುಡಿಕೊಂಡೆ. ಅವನು ಕೈ ಹಾಕೋದು ಹಾಕೇ ಹಾಕ್ದ. ಮುದುಡಿಕೊಂಡಿದ್ದಕ್ಕೆ ಅವನಿಗೆ ಇನ್ನೂ ಸಲೀಸಾಯ್ತು."

ದೀಪಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಹೆಜ್ಜೆ ಹಾಕಿದಳು. "ಹೊಟ್ಟೆಪಾಡು ಕಣೇ. ಸ್ವಲ್ಪ ಸಹಿಸ್ಕೋಬೇಕು," ಎಂದಳು. ಆ ಮಾತು ಅವಳ ಕಿವಿಗೇ ಹಳಸಲಾಗಿ ಕೇಳಿತು.

"ಸಹಿಸ್ಕೊಳ್ಳೋರು ಸಹಿಸ್ಕೊಳ್ಳಲಿ. ಭಾನುವಾರ ಶಾಲೆ ಹಾಲ್‌ನಲ್ಲಿ ಹೆಂಗಸರಿಗೆ ಹೊಡೆದಾಟ ಕಲಿಸ್ತಾರಂತೆ. ನಾನು ಹೆಸರು ಕೊಟ್ಟು ಬಂದಿದ್ದೀನಿ. ಎರಡನೇ ದೀಪದವಳು, ಐದನೇ ದೀಪದವಳೂ ಬರ್ತಾರೆ."

ಮನೆಯಲ್ಲಿ ದೀಪಕ್ಕನ ಗಂಡ ಅದನ್ನು ಕೇಳಿ ನಕ್ಕುಬಿಟ್ಟ. ಅವನು ಬೀಗ ರಿಪೇರಿ ಮಾಡುವವನು, ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ: "ನೀನು ಒಂದೇಟು ಹೊಡೀತೀಯ. ಅವನು ನಾಳೆ ನಾಲ್ಕು ಜನರನ್ನ ಕರ್ಕೊಂಡು ಬರ್ತಾನೆ. ಆಗ? ತಂಗೀ, ಹೊಡೆದಾಟ ಕಲಿತವರಿಗೇ ಜಾಸ್ತಿ ಏಟು ಬೀಳೋದು. ನೇರ ದಾರೀಲಿ ಹೋಗಿ, ಹೊತ್ತಿಗೆ ಸರಿಯಾಗಿ ಬಂದು, ಬಾಗಿಲು ಭದ್ರ ಮಾಡ್ಕೊಂಡಿದ್ರೆ ಯಾರು ಏನು ಮಾಡ್ತಾರೆ?"

"ಅಣ್ಣಾ, ಕಳ್ಳ ಒಳಗೇ ಕೆಲಸಕ್ಕಿದ್ರೆ ಬೀಗ ಯಾವ ಕಡೆಯಿಂದ ಹಾಕ್ತೀಯ?"

ಅವನು ಸ್ಕ್ರೂ ಬಾಯಿಂದ ತೆಗೆದ. ತಂಗಿಯ ಮುಖ ನೋಡಿದ. "ಇವಳ ಜೊತೆ ನೀನೂ ಹೋಗು. ಒಬ್ಬಳನ್ನೇ ಕಳಿಸಬೇಡ," ಎಂದು ಹೆಂಡತಿಗೆ ಹೇಳಿ ಬೀಗದ ಒಳಗೆ ಕಣ್ಣಿಟ್ಟ.

ಹೀಗೆ ದೀಪಕ್ಕ ಕಾವಲಿಗೆಂದು ಹೋದಳು.

ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಒಟ್ಟಿದ್ದರು. ಕಲಿಸುವಾಕೆ ನಿವೃತ್ತ ಬಸ್ ಕಂಡಕ್ಟರ್. ಗಿಡ್ಡ ಮೈ, ಬೆಳ್ಳಿಕೂದಲು, ಧ್ವನಿ ಮಾತ್ರ ಕೊನೆಯ ಸೀಟಿಗೂ ಮುಟ್ಟುವಂಥದ್ದು. "ಇಪ್ಪತ್ತೇಳು ವರ್ಷ ಗಂಡಸರ ಗುಂಪಿನ ಮಧ್ಯೆ ಟಿಕೆಟ್ ಹರಿದಿದ್ದೀನಿ. ಮೊದಲ ಮೂರು ವರ್ಷ ಅಳ್ತಾನೇ ಇದ್ದೆ. ಆಮೇಲೆ ಕಲಿತೆ. ಆಮೇಲೆ ಅಳೋ ಸರದಿ ಬೇರೆಯವರದಾಯ್ತು," ಎಂದಳು ಕಂಡಕ್ಟರಮ್ಮ. ಮೂಲೆಯಲ್ಲಿ ಕೈಚೀಲ ತಬ್ಬಿ ಕೂತಿದ್ದ ದೀಪಕ್ಕನನ್ನು ನೋಡಿ, "ಏನಮ್ಮಾ, ಸ್ಟಾಪ್ ಬಂತು. ಇಳಿ. ಕೂತು ನೋಡೋರಿಗೆ ಇಲ್ಲಿ ಜಾಗ ಇಲ್ಲ," ಎಂದು ಎಬ್ಬಿಸಿದಳು.

"ಎಲ್ಲರೂ ಮುಷ್ಟಿ ಹಿಡೀರಿ."

ಹಿಡಿದರು. ಕಂಡಕ್ಟರಮ್ಮ ಒಬ್ಬೊಬ್ಬರದನ್ನೇ ಒತ್ತಿ ನೋಡುತ್ತ ಬಂದಳು. ದೀಪಕ್ಕನ ಮುಷ್ಟಿಯೊಳಗೆ ಅವಳ ತೋರುಬೆರಳು ಸಲೀಸಾಗಿ ತೂರಿತು. "ಇದೇನಮ್ಮಾ, ಒಳಗೆ ಖಾಲಿ ಜಾಗ? ಯಾರಿಗಾದ್ರೂ ಬಾಡಿಗೆಗೆ ಕೊಟ್ಟಿದ್ದೀಯಾ?" ಪಕ್ಕದ ನಾದಿನಿಯದೂ ಹಾಗೇ. ಎರಡನೇ ದೀಪದವಳದು, ಐದನೇ ದೀಪದವಳದು, ಎಲ್ಲವೂ ಹಾಗೇ. ನಾಲ್ವರ ಮುಷ್ಟಿಯಲ್ಲೂ ಒಂದೇ ಅಳತೆಯ ಪೊಳ್ಳು.

"ನೀವೆಲ್ಲ ಎಲ್ಲಿ ಕೆಲಸ ಮಾಡೋದು?"

"ಮೊಟ್ಟೆ ಕಂಪನೀಲಿ."

ಹಾಲಿಗೆ ಹಾಲೇ ನಕ್ಕಿತು. ಕಂಡಕ್ಟರಮ್ಮ ನಗಲಿಲ್ಲ. "ಅಲ್ಲಿ ಒಡೀಬಾರದು ಅಂತ ಕಲಿಸಿದ್ದಾರೆ, ಸರಿ. ಇಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ ಕಣ್ರಮ್ಮಾ. ಬಿಗಿಯಾಗಿ ಹಿಡೀರಿ."

ಬೆರಳು ಮಡಚುವುದು ಅಷ್ಟು ಕಷ್ಟವೆಂದು ದೀಪಕ್ಕನಿಗೆ ಗೊತ್ತಿರಲಿಲ್ಲ. ಒತ್ತಿದಷ್ಟೂ ಅಂಗೈಯೊಳಗೆ ಏನೋ ಒಡೆದು ಸುರಿಯುತ್ತದೆ ಎಂಬ ಭಯ.

"ಈಗ ಗಟ್ಟಿಯಾಗಿ, 'ಕೈ ತೆಗಿ!' ಅನ್ನಿ. ನೀನು ಮೊದಲು," ಎಂದು ಕಂಡಕ್ಟರಮ್ಮ ದೀಪಕ್ಕನತ್ತ ತಿರುಗಿದಳು.

ದೀಪಕ್ಕ ಉಸಿರೆಳೆದುಕೊಂಡಳು. ಬಾಯಿ ತೆರೆದಳು. ಬಂದದ್ದು ಕೆಮ್ಮು. ಒಂದಲ್ಲ, ಎರಡು.

ಆ ಕ್ಷಣ ಮೊಟ್ಟೆ ಕಂಪನಿಯ ಉಳಿದ ಮೂವರೂ ಅವಳ ಕಣ್ಣೆದುರೇ ಕುಗ್ಗಿದರು. ಮೊಣಕೈ ಪಕ್ಕೆಗೆ, ಗಲ್ಲ ಎದೆಗೆ, ಕಣ್ಣು ನೆಲಕ್ಕೆ. ಹಾಡಹಗಲು, ದೊಡ್ಡ ಹಾಲು, ಸುತ್ತ ಹೆಂಗಸರೇ; ಆದರೂ ಕುಗ್ಗಿದರು. ಹದಿನಾಲ್ಕು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದ ದೀಪಕ್ಕ ತನ್ನ ಕೆಮ್ಮಿಗೆ ಜನ ಹೇಗೆ ಆಗುತ್ತಾರೆಂದು ಕಣ್ಣಾರೆ ಕಂಡಿರಲಿಲ್ಲ. ಈಗ ಬೆಳಕಿನಲ್ಲಿ ಕಂಡಳು. ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಆ ಮೇಸ್ತ್ರಿಗಾಗಿ ಇವರನ್ನು ಮುದುಡಿಸಿ ಕೂರಿಸುತ್ತಿದ್ದವಳು ತಾನೇ.

"ಇನ್ನೊಂದು ಸಲ," ಎಂದಳು ಕಂಡಕ್ಟರಮ್ಮ, ಈ ಸಲ ಮೆತ್ತಗೆ.

ಆ ಭಾನುವಾರ ದೀಪಕ್ಕನಿಂದ ಆಗಲಿಲ್ಲ. ಮುಂದಿನ ಭಾನುವಾರವೂ ಆಗಲಿಲ್ಲ. ಆದರೆ ಕೈಚೀಲವನ್ನು ಮೂಲೆಯಲ್ಲಿಟ್ಟು, ಹೋಗಿ ಸಾಲಿನಲ್ಲಿ ನಿಂತಳು. ಅಡುಗೆ ಮನೆಯಲ್ಲಿ ಹಿಟ್ಟು ನಾದುವಾಗ ಮುಷ್ಟಿ ಗುದ್ದಿದಳು. ಬಟ್ಟೆ ಹಿಂಡುವಾಗ 'ತೆಗಿ, ತೆಗಿ' ಎಂದು ಪಿಸುಗುಟ್ಟಿದಳು. ಆರನೇ ವಾರ ಗಂಡನ ಮುಂದೆ ಕೈ ಚಾಚಿದಳು. "ಹಿಡ್ಕೋ."

"ಏನು?"

"ಮಣಿಕಟ್ಟು ಹಿಡ್ಕೋ. ಬಿಗಿಯಾಗಿ."

ಹಿಡಿದ. ಅವಳು ಅವನ ಹೆಬ್ಬೆರಳಿನ ಕಡೆಗೆ ಕೈ ತಿರುವಿ ಎಳೆದಳು. ಕೈ ಜಾರಿ ಬಂತು. ಅವನು ನಕ್ಕ. ಇನ್ನೊಮ್ಮೆ ಹಿಡಿದ, ಬೀಗ ಮುರಿಯುವ ಕೈಯಿಂದ, ನಿಜವಾಗಿ. ಮತ್ತೆ ಜಾರಿ ಬಂತು. ಈಗ ಅವನು ನಗಲಿಲ್ಲ. "ಯಾರೇ ಅದು?" ಎಂದ.

ಅವಳು ಹೇಳಿದಳು. ಒಲೆಯ ಮೇಲಿನ ನೀರು ಕುದಿದು ಬತ್ತುವವರೆಗೂ ಹೇಳಿದಳು.

"ಅವನ ಕಾಲು ಮುರೀತೀನಿ. ನಾಳೆಯಿಂದ ನೀವಿಬ್ಬರೂ ಕೆಲಸಕ್ಕೆ ಹೋಗೋದು ಬೇಡ."

"ನೋಡು, ಇದಕ್ಕೇ ಹದಿನಾಲ್ಕು ವರ್ಷ ಹೇಳಲಿಲ್ಲ," ಎಂದಳು ದೀಪಕ್ಕ. "ಕೆಟ್ಟ ಕೆಲಸ ಮಾಡ್ತಿರೋನು ಅವನು. ಮನೇಲಿ ಕೂರಬೇಕಾದವರು ನಾವಾ? ನಿನಗೆ ಕೋಪ ಬಂದಿದ್ರೆ ಬರಲಿ. ಅದನ್ನ ನನ್ನ ಮೇಲೆ ಬೀಗ ಮಾಡಿ ಹಾಕಬೇಡ."

ಅವನು ತನ್ನ ಕೈಯನ್ನೇ ನೋಡುತ್ತ ಕೂತ. "ನಾನೇನು ಮಾಡಲಿ ಹಾಗಾದ್ರೆ?" ಎಂದ.

"ಇನ್ನೊಂದು ಸಲ ಹಿಡ್ಕೋ. ಎಡಗೈ ಇನ್ನೂ ಸರಿಯಾಗಿ ಬರ್ತಿಲ್ಲ."

ಅದಾದ ಮೇಲಿನ ಬುಧವಾರ ಪರದೆ ಅಲುಗಿತು. ದೀಪಕ್ಕನ ಗಂಟಲಿಗೆ ಕೆಮ್ಮು ಬಂದು ನಿಂತಿತು. ಅವಳು ಅದನ್ನು ನುಂಗಿದಳು. "ಮೇಸ್ತ್ರಿ ಒಳಗೆ ಬಂದಿದ್ದಾರೆ ಕಣ್ರೇ," ಎಂದು ಗಟ್ಟಿಯಾಗಿ ಹೇಳಿದಳು.

ಮೇಸ್ತ್ರಿ ಅವಳ ಹಿಂದೆ ಒಂದು ಗಳಿಗೆ ನಿಂತ. "ಏನು ದೀಪಕ್ಕಾ, ಡಂಗುರ ಹೊಡೆಯೋ ಕೆಲಸಾನೂ ಶುರು ಮಾಡಿದ್ಯಾ?" ಎಂದ. ಅಂದವನು ಹೊರಗೆ ಹೋಗಲಿಲ್ಲ. ಯಾರ ಮಾತಿಗೂ ತಾನು ಅಂಜುವವನಲ್ಲ ಎಂದು ತೋರಿಸಬೇಕಿತ್ತಲ್ಲ. ನೇರ ಮೂರನೇ ದೀಪದ ಹಿಂದೆ ಹೋಗಿ ನಿಂತ. ಚಪ್ಪಲಿಯ ಸದ್ದಿಲ್ಲ. ಬಟ್ಟೆ ಸರಿದ ಸದ್ದು. ಆಮೇಲೆ ನಾದಿನಿಯ ಉಸಿರು ಕಟ್ಟಿದ ಸದ್ದು. ಶಾಲೆಯ ಹಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗಿ. ಎರಡು ಕೈಯಲ್ಲಿ ನಾಲ್ಕು ಮೊಟ್ಟೆ ಹಿಡಿದು ಕಲ್ಲಾಗಿದ್ದಳು.

ದೀಪಕ್ಕ ಕೈಯಲ್ಲಿದ್ದ ಮೊಟ್ಟೆಗಳನ್ನು ಟ್ರೇಗೆ ಇಟ್ಟಳು. ಎದ್ದು ಬಾಗಿಲ ಪಕ್ಕದ ಸ್ವಿಚ್ ಒತ್ತಿದಳು.

ಕೆಲಸದ ಹೊತ್ತಿನಲ್ಲಿ ಆ ಟ್ಯೂಬ್‌ಲೈಟ್ ಹತ್ತಿದ್ದೇ ಇಲ್ಲ. ಎರಡು ಸಲ ಮಿಟುಕಿ ಹತ್ತಿತು. ಎಂಟು ಹೆಂಗಸರೂ ತಿರುಗಿದರು. ಮೇಸ್ತ್ರಿಯ ಕೈ ಎಲ್ಲಿತ್ತೋ ಅಲ್ಲೇ ಇತ್ತು. ಎಲ್ಲರೂ ನೋಡಿದರು.

"ಕೈ ತೆಗಿ!"

ಆ ಧ್ವನಿ ತನ್ನದೆಂದು ದೀಪಕ್ಕನಿಗೆ ಆಮೇಲೆ ತಿಳಿಯಿತು. ಅದು ಪರದೆ ದಾಟಿ, ತೊಳೆಯುವ ವಿಭಾಗ ದಾಟಿ, ಗೇಟಿನ ಕಾವಲುಗಾರನಿಗೂ ಕೇಳಿಸಿತಂತೆ.

"ಲೈಟ್ ಆರಿಸೇ! ಕೆಲಸ ನಿಲ್ತಿದೆ!" ಎನ್ನುತ್ತ ಮೇಸ್ತ್ರಿ ನುಗ್ಗಿ ಬಂದು ಸ್ವಿಚ್ಚಿನ ಮೇಲಿದ್ದ ಅವಳ ಮಣಿಕಟ್ಟು ಹಿಡಿದ. ಅವಳು ಅವನ ಹೆಬ್ಬೆರಳಿನ ಕಡೆಗೆ ತಿರುವಿ ಎಳೆದಳು. ಅವನ ಕೈಯಲ್ಲಿ ಗಾಳಿ ಉಳಿಯಿತು. ಮತ್ತೆ ಚಾಚಿದ. ಈ ಸಲ ಅವಳ ಮುಷ್ಟಿ ಅವನ ಎದೆಯ ನಡುವೆ ಬಿತ್ತು. ಒಳಗೆ ಒಂದಿಷ್ಟೂ ಪೊಳ್ಳಿಲ್ಲದ ಮುಷ್ಟಿ. ಮೇಸ್ತ್ರಿ ಹಿಂದಕ್ಕೆ ತೂರಾಡಿ, ಆಳೆತ್ತರ ಪೇರಿಸಿಟ್ಟ ಟ್ರೇಗಳ ಮೇಲೆ ಕುಸಿದು, ಲೋಳೆಯಲ್ಲಿ ಜಾರಿ ಕೂತುಬಿಟ್ಟ.

ಆಗ ಎರಡನೇ ದೀಪದವಳು, "ಪರವಾಗಿಲ್ಲ ಬಿಡಿ, ಮೇಲಿದ್ದದ್ದೆಲ್ಲ ಕೆಟ್ಟ ಮೊಟ್ಟೆ," ಎಂದಳು. ನಾದಿನಿ ನಗುತ್ತ ಅತ್ತಳು.

ಮಧ್ಯಾಹ್ನ ದೀಪಕ್ಕನಿಗೆ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಮೇಸ್ತ್ರಿ ಅಂಗಿ ಬದಲಾಯಿಸಿ ಮೊದಲೇ ಅಲ್ಲಿದ್ದ. "ಕೆಲಸ ಸರಿ ಇಲ್ಲ ಅಂದಿದ್ದಕ್ಕೆ ಹೊಡೆದಳು ಸಾರ್. ಅಲ್ಲಿ ಕತ್ತಲೆ. ನಡೆಯೋವಾಗ ಕೈ ತಾಗಿದ್ರೆ ತಾಗಿರಬಹುದು," ಎಂದ.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ. ಗಲಾಟೆ ಎಂದರೆ ತಲೆನೋವು ಬರುವವರು, ಅಷ್ಟೇ. "ನೋಡಮ್ಮಾ, ಹದಿನಾಲ್ಕು ವರ್ಷದಿಂದ ಒಳ್ಳೆ ಹೆಸರು ತಗೊಂಡಿದ್ದೀಯ. ಕತ್ತಲೆ ಕೋಣೆ, ಇಕ್ಕಟ್ಟು. ಯಾರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಗೆ ಹೇಳಲಿ? ಅವನಿಗೂ ಸಂಸಾರ ಇದೆ. ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡು. ಸ್ವಲ್ಪ ದಿನ ತೊಳೆಯೋ ಕಡೆ ಹೋಗು. ಇಲ್ಲಿಗೇ ಮುಗಿಸೋಣ. ಬರೆಯಲ್ಲ ಅಂದ್ರೆ ನಿನ್ನನ್ನ ಇಟ್ಕೊಳ್ಳೋದು ನನಗೂ ಕಷ್ಟ." ಒಂದು ಹಾಳೆ, ಒಂದು ಪೆನ್ನು ಮುಂದೆ ತಳ್ಳಿದರು.

ದೀಪಕ್ಕ ಹಾಳೆಯನ್ನು ನೋಡಿದಳು. ಮೊದಲ ದೀಪ ಹೋಗುತ್ತದೆ, ಬಹುಶಃ ಕೆಲಸವೂ. ಅವಳು ಕುರ್ಚಿ ಎಳೆದು, ಯಾರೂ ಹೇಳದಿದ್ದರೂ, ಕೂತಳು.

"ಬರೀತೀನಿ ಸಾರ್. ಒಂದು ಸಾಲಿನಲ್ಲಿ ಆಗಲ್ಲ," ಎಂದಳು. ಬರೆಯುತ್ತ ಬಾಯಲ್ಲೂ ಹೇಳಿಕೊಂಡಳು, ನಿಧಾನವಾಗಿ, ಅಕ್ಷರ ಕೂಡಿಸುತ್ತ: "ತಪ್ಪಾಯ್ತು. ಹದಿನಾಲ್ಕು ವರ್ಷದ ಹಿಂದೆ, ನಾನು ಸೇರಿದ ಮೂರನೇ ದಿನ, ಈ ಮೇಸ್ತ್ರಿ ನನ್ನ ಬೆನ್ನಿಗೆ ಕೈ ಹಾಕಿದಾಗ ನಾನು ಸುಮ್ಮನಿದ್ದದ್ದು ತಪ್ಪಾಯ್ತು. ಆಮೇಲೆ ಬಂದವರಿಗೂ ಸುಮ್ಮನಿರೋದನ್ನ ಕಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪಾಯ್ತು. ಅವರ ಹೆಸರು..."

"ಇವತ್ತಿನದು ಬರೆದ್ರೆ ಸಾಕಮ್ಮಾ."

"ಸಾಕಾಗಲ್ಲ ಸಾರ್."

ಬಾಗಿಲು ತೆರೆಯಿತು. ನಾದಿನಿ ಮೊದಲು ಬಂದಳು, ಕೈಯಲ್ಲಿ ತನ್ನ ಸ್ಟೂಲು. ಅವಳ ಹಿಂದೆ ಎರಡನೇ ದೀಪದವಳು, ಐದನೆಯವಳು, ಉಳಿದವರು. ಯಾವತ್ತೂ ತರಗತಿಗೆ ಬಾರದಿದ್ದವರೂ ಇದ್ದರು. ಎಂಟು ಸ್ಟೂಲುಗಳು ಗೋಡೆಗೆ ಬೆನ್ನು ಮಾಡಿ, ಮ್ಯಾನೇಜರಿಗೆ ಮುಖ ಮಾಡಿ ಕೂತವು. ಮೇಸ್ತ್ರಿ ಕಿಟಕಿಯತ್ತ ತಿರುಗಿ ನಿಂತ.

"ನೀವೆಲ್ಲ ಯಾಕೆ ಬಂದ್ರಿ? ಅಲ್ಲಿ ಮೊಟ್ಟೆ ನೋಡೋರು ಯಾರು?"

"ಅವು ಒಂದಿನ ಕಾಯ್ತವೆ ಸಾರ್," ಎಂದಳು ನಾದಿನಿ. "ಅತ್ತಿಗೆದು ಮುಗೀಲಿ. ಆಮೇಲೆ ನಂದು."

ಮ್ಯಾನೇಜರು ಗಡಿಯಾರ ನೋಡಿದರು. ಹಣೆ ಒತ್ತಿಕೊಂಡರು. ಹಾಳೆಯ ಕೊನೆಯ ಸಾಲಿಗೆ ಬಂದಿದ್ದ ಪೆನ್ನನ್ನು ನೋಡಿದರು. "ಇನ್ನೆಷ್ಟು ಇದೆಯಮ್ಮಾ?"

ದೀಪಕ್ಕ ತಲೆ ಎತ್ತದೆ ಹಾಳೆ ಮಗುಚಿದಳು.

"ಇನ್ನೂ ಮೊದಲನೇ ವರ್ಷದಲ್ಲೇ ಇದ್ದೀನಿ. ಕಾಗದ ತರಿಸಿ."