ಖಾಲಿ ಗುಂಡಿಯ ನೇರಳೆ

ನೇರಳೆ ಬಣ್ಣ ಕಂಡರೆ ಈಗ ನನಗೆ ವಾಕರಿಕೆ ಬರುತ್ತದೆ.

ನಮ್ಮ ಲ್ಯಾಬಿನ ಕೆಲಸ ಇಷ್ಟೇ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಂಡಿಗಳಲ್ಲಿ ಕರುಳಿನ ಜೀವಕೋಶ ಬೆಳೆಸಿ, ಕಂಪನಿ ಕಳಿಸಿದ ನ್ಯಾನೋ ಪುಡಿಯನ್ನು ಅವಕ್ಕೆ ಉಣಿಸಿ, ಮಾರನೆಯ ದಿನ ಹಳದಿ ದ್ರಾವಣ ಹಾಕುವುದು. ಬದುಕಿರುವ ಕೋಶ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ತಟ್ಟೆ ನೇರಳೆಯಾದರೆ ಪುಡಿ ಸುರಕ್ಷಿತ ಎಂಬ ವರದಿಗೆ ನನ್ನ ಸಹಿ. ಈ ಪುಡಿ ಮಕ್ಕಳ ಹಾಲಿನ ಬಾಟಲಿಯ ಒಳಮೈಗೆ ಬಳಿಯುವಂಥದ್ದು.

ದ್ರಾವಣ ಹಾಕುವ ಮುಂಚೆ ಮೈಕ್ರೋಸ್ಕೋಪಿನಲ್ಲಿ ಇಣುಕುವುದನ್ನು ನಾವು ಬಿಟ್ಟು ವರ್ಷಗಳಾಗಿದ್ದವು. ಬಣ್ಣವೇ ಹೇಳುವಾಗ ಕಣ್ಣಿಗೇಕೆ ಕಷ್ಟ? ಮೊನ್ನೆ ಸುಮ್ಮನೆ ಇಣುಕಿದೆ. ಕೋಶಗಳೆಲ್ಲ ತಳ ಬಿಟ್ಟು, ಒಡೆದ ಹಾಲಿನ ಚೂರುಗಳ ಹಾಗೆ ತೇಲುತ್ತಿದ್ದವು. ಒಂದೂ ಬದುಕಿರಲಿಲ್ಲ. ಆದರೂ ದ್ರಾವಣ ಹಾಕಿದರೆ ತಟ್ಟೆಯಿಡೀ ನೇರಳೆ! ಅನುಮಾನ ಬಂದು, ಕೋಶವೇ ಇಲ್ಲದ ಖಾಲಿ ಗುಂಡಿಗೆ ಬರೀ ಪುಡಿ, ದ್ರಾವಣ ಹಾಕಿದೆ. ಅದೂ ನೇರಳೆ. ಬಣ್ಣ ತಿರುಗಿಸುತ್ತಿದ್ದದ್ದು ಜೀವವಲ್ಲ, ಪುಡಿ.

ನಾನು ಹೇಳಿದ್ದನ್ನೆಲ್ಲ ಲ್ಯಾಬಿನ ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕೇಳಿಸಿಕೊಂಡರು. ನೆಂದ ಚೂರೊಂದು ಅವರ ತುಟಿಗೆ ಅಂಟಿಕೊಂಡೇ ಇತ್ತು.

"ಖಾಲಿ ಗುಂಡಿ ಇಡು ಅಂತ ಕಂಪನಿಯವರು ಕೇಳಿದ್ರೇನಮ್ಮಾ? ವರದಿಯಿಂದ ಆ ಸಾಲು ತೆಗೆದುಬಿಡಿ. ಸಂಜೆ ಒಳಗೆ ಸಹಿ ಹಾಕಿ ಕೊಡಿ."

"ಬೆಳ್ಳಗಿರೋದೆಲ್ಲ ಹಾಲಲ್ಲ ಸರ್. ನಾನು ಹಾಕಲ್ಲ."

"ಹೋದ ವರ್ಷ ಇದೇ ಪುಡಿಯ ಮೂರು ವರದಿಗೆ ಹಾಕಿದ್ರಲ್ಲ? ಆಗ ಯಾವ ಖಾಲಿ ಗುಂಡಿ ಇಟ್ಟಿದ್ರಿ?"

ಇಟ್ಟಿರಲಿಲ್ಲ. ಹೇಸಿಗೆ ಅವರ ತುಟಿಯಿಂದ ಎದ್ದು ಬಂದು, ಸಹಿ ಹಾಕಿದ್ದ ನನ್ನ ಬಲಗೈ ಮೇಲೆ ಕೂತಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನಾನೇ ಆಗಿದ್ದೆ.

"ಆ ಮೂರನ್ನೂ ವಾಪಸ್ ತಗೋತೀನಿ. ಕಂಪನಿಗೂ ಬರೀತೀನಿ, ಪರವಾನಗಿ ಕೊಡೋರಿಗೂ ಬರೀತೀನಿ."

"ಬರೀರಿ. ನಾಳೆಯಿಂದ ಮನೇಲಿ ಕೂತು ಬರೀರಿ," ಎಂದು ಇನ್ನೊಂದು ಬಿಸ್ಕತ್ತು ಅದ್ದಿದರು.

ಹೊರಗೆ ಬಂದು ಸಿಂಕಿನ ಮುಂದೆ ನಿಂತು ಕೈ ತೊಳೆದೆ. ಎರಡು ಸಲ ಸೋಪು ಹಾಕಿದರೂ ಅಸಹ್ಯ ಹೋಗಲಿಲ್ಲ. ಒದ್ದೆ ಕೈಯಲ್ಲೇ ತಂಗಿಗೆ ಫೋನು ಮಾಡಿದೆ. ಅವಳ ಮಗಳಿಗೆ ಮೂರು ತಿಂಗಳು.

"ನಾನು ತಂದುಕೊಟ್ಟ ಬಾಟಲಿ ಈಗಲೇ ಎಸಿ ಕಣೇ."

"ಯಾಕಕ್ಕಾ? 'ನಮ್ಮ ಲ್ಯಾಬಲ್ಲಿ ನಾನೇ ಪಾಸ್ ಮಾಡಿದ್ದು' ಅಂತ ಜಂಬ ಕೊಚ್ಕೊಂಡು ತಂದಿದ್ಯಲ್ಲ?"

"ಹೌದು, ನಾನೇ ಮಾಡಿದ್ದು. ಎಸಿ ಅಂದೆನಲ್ಲ!"

"ಸರಿ ಮಾರಾಯ್ತಿ, ಕೂಗಾಡಬೇಡ. ಒಂದ್ನಿಮಿಷ ತಡಿ, ಅದ್ರಲ್ಲೇ ಕುಡೀತಿದಾಳೆ. ಮುಗಿಸ್ಲಿ."