ಝೀರೋ ಬಿಲ್

ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಬಂದು ನೋಡಿದರೂ ಮೀಟರಿನ ಕೆಂಪು ದೀಪ ಮಿಣುಕುವುದನ್ನು ಬಿಡಲಿಲ್ಲ.

"ಬರ್ರಿ ಇಲ್ಲಿ, ನೀವೇ ನೋಡ್ರಿ," ಎಂದು ಸುಕನ್ಯಾ ಗಂಡನನ್ನು ಕೂಗಿದಳು. "ಮಿಷನ್ ಬಂದ್, ಫ್ಯಾನ್ ಬಂದ್, ಟಿವಿ ಬಂದ್. ಮತ್ತ ಯಾರು ತಿನ್ನಾಕತ್ತಾರ ಕರೆಂಟು?"

ಎರಡು ತಿಂಗಳಿಂದ ಝೀರೋ ಬಿಲ್ ಬರುವುದು ನಿಂತಿತ್ತು. ಸರ್ಕಾರದ ಲೆಕ್ಕದಲ್ಲಿ ಮೊದಲು ಸುಡುತ್ತಿದ್ದ ಕರೆಂಟಿಗಿಂತ ತುಸು ಹೆಚ್ಚಿನವರೆಗೆ ಮಾತ್ರ ಪುಕ್ಕಟೆ, ದಾಟಿದ್ದಕ್ಕೆ ದುಡ್ಡು. ತಪ್ಪೆಲ್ಲ ಹೊಲಿಗೆ ಯಂತ್ರದ ಮೋಟರಿನದೆಂದು ಗಂಡ ಬಸವಂತ ತೀರ್ಪು ಕೊಟ್ಟಿದ್ದ. ನಾಳೆ ಅದನ್ನು ಬಿಚ್ಚಿ ಶಹಾಪುರದ ಅಂಗಡಿಗೆ ಮರಳಿಸುವವನಿದ್ದ. ಮೊಣಕಾಲು ನೋವಿನಿಂದ ಪೆಡಲು ತುಳಿಯಲಾರದ ಸುಕನ್ಯಾಳಿಗೆ ಮೋಟರು ಹೋದರೆ ಹೊಲಿಗೆಯೇ ಹೋದಂತೆ. ಸಗರ ಊರಿನ ಅರ್ಧ ಹೆಂಗಸರ ಜಂಪರು ಅವಳ ಕೈಯಲ್ಲೇ ಆಗುತ್ತಿದ್ದವು.

ಬಸವಂತ ಕುರಿಗಳಿಗೆ ತಂದ ಸೊಪ್ಪಿನ ಹೊರೆ ಇಳಿಸಿ ಬಂದ. ಮೀಟರನ್ನು ಸರಿಯಾಗಿ ನೋಡಲೂ ಇಲ್ಲ. "ಮೀಟ್ರ ಕೆಟ್ಟಿರಬೇಕು ತಗಿ."

"ನಿನ್ನಿ ತನಕ ನನ್ನ ಮೋಟ್ರ ಕೆಟ್ಟದ್ದಿತ್ತು. ಇವತ್ತ ಮೀಟ್ರ ಕೆಟ್ಟಿತೇನು?"

ಅವಳು ಕೈ ಚಾಚಿ ಮೇನ್ ಸ್ವಿಚ್ಚನ್ನೇ ಎಳೆದಳು. "ಏ, ಅದನ್ನ ಮುಟ್ಟಬ್ಯಾಡ!" ಎಂದು ಬಸವಂತ ಅನ್ನುವಷ್ಟರಲ್ಲಿ ಕೆಂಪು ದೀಪ ಆರಿತ್ತು. ಗೋಡೆಯಾಚೆ, ಮೈದುನ ಅಂಬಣ್ಣನ ಮನೆಯಿಂದ ಅವನ ಹೆಂಡತಿ, ಬಾಣಂತಿ ಸಪ್ನಾಳ ದನಿ ಕೇಳಿತು: "ಅಯ್ಯ, ಫ್ಯಾನ್ ಹೋತಲ್ಲ!" ಹಿಂದೆಯೇ ಕೂಸು ಅಳತೊಡಗಿತು.

ಸುಕನ್ಯಾ ಗಂಡನ ಮುಖ ನೋಡಿದಳು. ಮನೆ ಪಾಲಾದಾಗ ಮೀಟರು ಇವರ ಕಡೆ ಉಳಿದಿತ್ತು. ಅಂದಿನಿಂದ ಅಣ್ಣ ತಮ್ಮಂದಿರು ಎದುರಾದರೆ ದಾರಿ ಬದಲಿಸುತ್ತಿದ್ದರು. ಅಂಬಣ್ಣ ಆಚೆಮನೆಯ ಹಂಪಣ್ಣನಿಂದ ವೈರು ಎಳೆದುಕೊಂಡಿದ್ದಾನೆಂದೇ ಓಣಿಯೆಲ್ಲ ನಂಬಿತ್ತು.

"ಹಂಪಣ್ಣ ವೈರ್ ಕಿತ್ತು ಎರಡು ತಿಂಗಳಾತು," ಎಂದ ಬಸವಂತ, ನೆಲ ನೋಡುತ್ತ. "ಹಸಿ ಕೂಸು. ಬಿಸಲು ನೋಡಿದ್ರ ಹಿಂಗ. ನಾನೇ ಕೊಟ್ಟೀನಿ."

"ತಮ್ಮನ ಕೂಡ ಮಾತಾಡಿದ್ರೇನು?"

"ಮಾತ್ಯಾಕ? ಮಾಳಗಿ ಮ್ಯಾಲಿಂದ ವೈರ್ ಒಗದೆ. ಹಚ್ಚಿಕೊಂಡಾನ."

"ನಿಮ್ಮ ಮೂಗರಾಟಕ್ಕ ನನ್ನ ಮೋಟ್ರಿಗೆ ಕಳ್ಳನ ಪಟ್ಟ!" ಸುಕನ್ಯಾ ಮೇನ್ ಸ್ವಿಚ್ಚನ್ನು ಮೇಲೆ ತಳ್ಳಿ, ಸೆರಗು ಸಿಗಿಸಿ ಹೊರಟಳು.

ಸಪ್ನಾಳ ಕೋಣೆ ಕತ್ತಲು ಹಿಡಿದಿತ್ತು. ಕಿಟಕಿಯ ಸಂದಿಗೂ ಅರಿವೆ ತುರುಕಿದ್ದರು. ಒಳಗೆ ಬಲ್ಬು ಉರಿಯುತ್ತಿತ್ತು, ಫ್ಯಾನು ಜೋರಾಗಿ ತಿರುಗುತ್ತಿತ್ತು.

"ಗಾಳಿ ಹತ್ತತದಂತ ಕಿಟಕಿ ಹಾಕೀರಿ. ಮತ್ತ ಇದೇನು, ಫ್ಯಾನು?"

"ಹೊರಗಿನ ಗಾಳಿ ಆಗಂಗಿಲ್ಲ ಅಂತಾರಕ್ಕ," ಸಪ್ನಾ ಮೆಲ್ಲಗೆ ಅಂದಳು.

"ಒಳಗಿನ ಗಾಳಿ ಎಲ್ಲಿಂದ ಬಂತ ತಂಗಿ?"

ಸಪ್ನಾಳಿಗೆ ನಗು ತಡೆಯಲಾಗಲಿಲ್ಲ. ಸುಕನ್ಯಾ ಅರಿವೆ ಕಿತ್ತು ಕಿಟಕಿ ತೆರೆದಳು. ಇಳಿಹೊತ್ತಿನ ಬೆಳಕು ತೊಟ್ಟಿಲಿನವರೆಗೆ ಬಂತು. ಬಲ್ಬು ಆರಿಸಿದಳು, ಫ್ಯಾನೂ ಆರಿಸಿದಳು. ಸಪ್ನಾ ಸರಿದು ಚಾಪೆಯ ಮೇಲೆ ಜಾಗ ಬಿಟ್ಟಳು.

ರೆಕ್ಕೆಗಳು ನಿಧಾನವಾಗಿ ನಿಂತವು. ಕೂಸಿನ ನೆತ್ತಿಯ ಕೂದಲು ಆಗಲೂ ಅಲುಗುತ್ತಿತ್ತು.